ಕೆರೆಯ ನೀರು ಎಲ್ಲರದು, ಏರಿ ಯಾರದು?



ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಚಿಕ್ಕಬಳ್ಳಾಪುರ ಸೀಮೆಯಲ್ಲಿ ಕೆರೆ ಕೋಡಿ ಹರಿಯುವುದೆಂದರೆ ಹಬ್ಬವಿದ್ದಂತೆ. ಮಕ್ಕಳುಮರಿಗಳೊಡನೆ ಹೋಗಿ, ಏರಿಯ ಮೇಲೆ ಬುತ್ತಿ ಬಿಚ್ಚಿ, ನೀರು ನೋಡಿ ಬರುವುದು ತಪ್ಪಲ್ಲ. ಆದರೆ 2022ರ ಮೇ ತಿಂಗಳಲ್ಲಿ ಚಿಕ್ಕಬಳ್ಳಾಪುರದ ಬಳಿಯ ಶ್ರೀನಿವಾಸಸಾಗರದ ಗೋಡೆ ಹತ್ತಲು ಹೋದ ಯುವಕನೊಬ್ಬ ಮೇಲಿನಿಂದ ಬಿದ್ದು ಗಾಯಗೊಂಡ. ಅಂದು ಜನರ ಸುರಕ್ಷತೆಯ ಮಾತು ಬಂದಿತು. ಕಟ್ಟೆಯ ಸುರಕ್ಷತೆಯನ್ನು ಕುರಿತೂ ನಾವು ಯೋಚಿಸಬೇಕಾಗಿದೆ.

ನಮ್ಮ ಹಳೆಯ ಕೆರೆಗಳ ಏರಿ ಮಣ್ಣಿನದು. ಒಳಮೈಗೆ ಜೋಡಿಸಿದ ಕಲ್ಲುಗಳು ಅಲೆಯ ಹೊಡೆತದಿಂದ ಅದನ್ನು ಕಾಯುತ್ತವೆ. ಹೆಚ್ಚಾದ ನೀರು ಕೋಡಿಯಲ್ಲಿಯೇ ಹೊರಹೋಗಬೇಕು. ಏರಿಯ ಮೇಲೆ ಹರಿದರೆ ಹೊರಮೈಯ ಮಣ್ಣು ಕೊಚ್ಚಿ, ಕೆಲವೇ ಗಂಟೆಗಳಲ್ಲಿ ಏರಿ ಒಡೆಯಬಹುದು. ಆದುದರಿಂದ ಹೆಚ್ಚು ನೀರು ನಿಲ್ಲಿಸುವ ಆಸೆಯಿಂದ ಕೋಡಿಗೆ ಮರಳಿನ ಮೂಟೆ ಅಡ್ಡ ಇಡುವುದು ಅಪಾಯ. ಇಲಿ, ಹೆಗ್ಗಣಗಳ ಬಿಲ, ಗೆದ್ದಲ ಹುತ್ತ, ಸತ್ತ ಮರದ ಬೇರು, ಇವುಗಳ ದಾರಿಯಲ್ಲಿ ನೀರು ಒಳಗೊಳಗೇ ಮಣ್ಣನ್ನು ಕೊರೆಯುತ್ತದೆ. ಏರಿಯ ಹಿಂಬದಿ ಜಿನುಗುವ ನೀರು ಕೆಂಪಾಗಿದ್ದರೆ ಅದು ಮಣ್ಣನ್ನು ಹೊತ್ತು ತರುತ್ತಿದೆಯೆಂದೇ ತಿಳಿಯಬೇಕು. ವಿಹಾರಕ್ಕೆ ಬಂದವರು ಏರಿಯ ಮೇಲೆ ವಾಹನ ಓಡಿಸಿದರೆ, ಒಲೆ ಹೂಡಲು ಕಲ್ಲು ಕಿತ್ತರೆ ಈ ಕೇಡಿಗೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಈ ಎಚ್ಚರ ಈಗ ಇನ್ನೂ ಅಗತ್ಯ. ಎಚ್.ಎನ್. ವ್ಯಾಲಿ ಯೋಜನೆಯಿಂದ ಜಿಲ್ಲೆಯ ಕೆರೆಗಳಿಗೂ, ಕೆ.ಸಿ. ವ್ಯಾಲಿ ಯೋಜನೆಯಿಂದ ಚಿಂತಾಮಣಿ ಭಾಗದ ಕೆರೆಗಳಿಗೂ ಬೆಂಗಳೂರಿನ ಸಂಸ್ಕರಿತ ನೀರು ಬರುತ್ತಿದೆ. ವರ್ಷಗಟ್ಟಲೆ ಒಣಗಿ ಬಿರುಕುಬಿಟ್ಟ ಏರಿಗಳು ಮತ್ತೆ ನೀರಿನ ಭಾರ ಹೊರುತ್ತಿವೆ. ಆ ನೀರು ಈಜಾಟಕ್ಕೂ ಯೋಗ್ಯವಲ್ಲ.

ಹಾಗಾದರೆ ಏರಿ ಯಾರದು? ಸಾಮಾನ್ಯವಾಗಿ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು ಇರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಯವು. ಅದಕ್ಕಿಂತ ಚಿಕ್ಕವು ಪಂಚಾಯತಿಗಳ ಹೊಣೆ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯು ಮಳೆಗಾಲದ ಮುನ್ನ ಮತ್ತು ನಂತರ ಮಾಲೀಕರು ತಪಾಸಣೆ ನಡೆಸಬೇಕೆಂದು ವಿಧಿಸುತ್ತದೆ. ಆದರೆ ಅದು ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ, ಕೆಲವು ಷರತ್ತುಗಳಿಗೆ ಒಳಪಟ್ಟು 10 ಮೀಟರಿಗೂ ಮೇಲ್ಪಟ್ಟವಕ್ಕೆ. ಅದಕ್ಕಿಂತ ತಗ್ಗಾದ ಊರ ಕೆರೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಅವುಗಳ ಕೆಳಗೆ ಮನೆಗಳಿವೆ, ಹೊಲಗದ್ದೆಗಳಿವೆ.

2019ರ ನವೆಂಬರ್ 24ರಂದು ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಹೊಣೆ ಯಾರದೆಂಬ ವಿಚಾರದಲ್ಲಿ ಸಂಸ್ಥೆಗಳು ಪರಸ್ಪರ ಬೊಟ್ಟು ಮಾಡಿದವು. ಒಡೆದ ಮೇಲೆ ಒಡೆಯನನ್ನು ಹುಡುಕುವುದು ವಿವೇಕವಲ್ಲ.

ಆದುದರಿಂದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ನಿಮ್ಮೂರ ಕೆರೆ ಯಾರ ಸುಪರ್ದಿನಲ್ಲಿದೆಯೆಂದು ಪಂಚಾಯತಿಯಲ್ಲಿ ಕೇಳಿ ತಿಳಿಯಿರಿ. ಮುಂಗಾರಿಗೆ ಮೊದಲು ಹತ್ತು ಜನ ಸೇರಿ ಏರಿ, ತೂಬು, ಕೋಡಿಗಳನ್ನು ನೋಡಿ ಬನ್ನಿ. ಕಂಡದ್ದನ್ನು ಸಂಬಂಧಪಟ್ಟವರಿಗೆ ಬರವಣಿಗೆಯಲ್ಲಿ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ನೀವೇ ಅಗೆದು ದುರಸ್ತಿ ಮಾಡಲು ಹೋಗಬೇಡಿ. ತೆಪ್ಪೋತ್ಸವ, ಗಂಗಾಪೂಜೆಗಳಿಗೂ ಅನುಮತಿ ಪಡೆಯಿರಿ.

ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳಿಗೆ ಕೆರೆ ಕಟ್ಟುವುದು ಶಿವನ ಸೇವೆಯಾಗಿತ್ತು. ಕಟ್ಟಿದ್ದನ್ನು ಕಾಯುವ ಕಾಯಕ ನಮಗೆ ಉಳಿದಿದೆ. ಹಿಂದೆ ಊರಿಗೊಬ್ಬ ನೀರುಗಂಟಿ ಆ ಕೆಲಸ ಮಾಡುತ್ತಿದ್ದ. ಇಂದು ಆ ಕಣ್ಣು ನಮ್ಮೆಲ್ಲರದಾಗಲಿ.