ದುರಸ್ತಿಗಾರನ ವಿದ್ಯೆ ಮತ್ತು ಶೀಲ

ಮೇಜಿನ ಕಂಪ್ಯೂಟರೊಂದು ಪ್ರತಿದಿನವೂ ದಿನಾಂಕವನ್ನು ಮರೆಯುತ್ತಿದೆಯೆನ್ನಿ. ಮದರ್‌ಬೋರ್ಡಿನ ಮೇಲಿರುವ, ನಾಣ್ಯದಂತಹ 3 ವೋಲ್ಟಿನ 'ಸಿಆರ್ 2032' ಬ್ಯಾಟರಿ ಬರಿದಾದಾಗ ಸಾಮಾನ್ಯವಾಗಿ ಹೀಗಾಗುತ್ತದೆ. ಬ್ಯಾಟರಿಗೆ ಅಲ್ಪ ಹಣ ಸಾಕು. ಬೋರ್ಡಿಗಾದರೋ ಸಾವಿರಾರು ರೂಪಾಯಿ.

ಅರಿಯದ ದುರಸ್ತಿಗಾರನು ಬೋರ್ಡೇ ಕೆಟ್ಟಿತೆಂದು ನಂಬುತ್ತಾನೆ. ಅರಿತೂ ಆಸೆಬುರುಕನಾದವನು ಹಾಗೆಂದು ನಂಬಿಸುತ್ತಾನೆ. ಒಬ್ಬನಲ್ಲಿ ವಿದ್ಯೆಯ ಕೊರತೆ, ಇನ್ನೊಬ್ಬನಲ್ಲಿ ಶೀಲದ ಕೊರತೆ. ಗಿರಾಕಿಗೆ ಮಾತ್ರ ನಷ್ಟ ಒಂದೇ. ಪೆಟ್ಟಿಗೆಯ ಒಳಗನ್ನು ಕಾಣದ ಅವನಿಗೆ ಇವರಿಬ್ಬರ ಭೇದ ತಿಳಿಯುವುದೆಂತು?

ಬ್ಯಾಟರಿಯನ್ನು ಮೀಟರಿನಿಂದ ಅಳೆದು ತೋರಿಸಿ, ಕಾರಣವನ್ನು ವಿವರಿಸಿ, ತೆಗೆದ ಭಾಗವನ್ನು ನಮ್ಮ ಕೈಗೇ ಕೊಡುವವನು ನಂಬಿಕೆಗೆ ಅರ್ಹನು. ಹಾಗೆ ತೋರಿಸೆಂದು ಕೇಳುವ ಧೈರ್ಯ ನಮಗೂ ಬೇಕು. ವಿದ್ಯೆಯೂ ಶೀಲವೂ ಕೂಡಿದಲ್ಲಿಯೇ ಕಸುಬಿಗೆ ಮರ್ಯಾದೆಯಲ್ಲವೇ?