ದೊಡ್ಡ ಬ್ರೇಕು, ಅದೇ ಟೈರು

ಪ್ರಶ್ನೆ: ಕಾರಿಗೆ ಹೆಚ್ಚು ಬೆಲೆಯ ದೊಡ್ಡ ಬ್ರೇಕುಗಳನ್ನು ಹಾಕಿಸಿದರೆ ಅದು ಮೊದಲಿಗಿಂತ ಕಡಿಮೆ ದೂರದಲ್ಲಿ ನಿಲ್ಲುವುದೇ?

ಒಮ್ಮೆ ಬಲವಾಗಿ ಒತ್ತಿ ನಿಲ್ಲಿಸುವ ಸಂದರ್ಭದಲ್ಲಿ, ಸಾಧಾರಣವಾಗಿ ಇಲ್ಲ. ಬ್ರೇಕು ತಡೆಯುವುದು ಚಕ್ರದ ಭ್ರಮಣವನ್ನು ಮಾತ್ರ. ವಾಹನವನ್ನು ನಿಲ್ಲಿಸುವುದಾದರೋ ಟೈರಿಗೂ ನೆಲಕ್ಕೂ ನಡುವೆ, ಅಂಗೈಯಗಲದ ಸ್ಪರ್ಶಸ್ಥಾನದಲ್ಲಿ ಉಂಟಾಗುವ ಘರ್ಷಣೆ. ಹಗ್ಗಜಗ್ಗಾಟದಲ್ಲಿ ಬಾಹುಬಲ ಎಷ್ಟೇ ಇರಲಿ, ಕೆಸರಿನಲ್ಲಿ ಕಾಲು ಜಾರುವವನು ಹೇಗೆ ಎದುರಾಳಿಯನ್ನು ಎಳೆಯಲಾರನೋ, ಹಾಗೆಯೇ ಟೈರಿನ ಹಿಡಿತ ಮುಗಿದ ಮೇಲೆ ಬ್ರೇಕಿನ ಮಿಗಿಲಾದ ಶಕ್ತಿ ವ್ಯರ್ಥವೇ ಸರಿ. ಸುಸ್ಥಿತಿಯಲ್ಲಿರುವ ಮೂಲ ಬ್ರೇಕುಗಳೇ ಚಕ್ರಗಳನ್ನು ಕಟ್ಟಿಹಾಕಬಲ್ಲವು. ಗಾಬರಿಯಲ್ಲಿ ಒತ್ತಿದಾಗ, ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆ ಕಾರ್ಯೋನ್ಮುಖವಾಗಿ ಪೆಡಲು ಪಾದದಡಿಯಲ್ಲಿ ಗಡಗಡನೆ ಅದುರುವುದೇ ಇದಕ್ಕೆ ಸಾಕ್ಷಿ. ಒಣ ಡಾಂಬರಿನ ಮೇಲೆ ಗಂಟೆಗೆ 60 ಕಿ.ಮೀ. ವೇಗದ ಕಾರು, ಬ್ರೇಕು ಹಿಡಿದ ಕ್ಷಣದಿಂದ, ಸುಮಾರು 18 ಮೀಟರಿನಲ್ಲಿ ನಿಲ್ಲುತ್ತದೆ. ವೇಗ ಇಮ್ಮಡಿಯಾದರೆ ದೂರ ನಾಲ್ಮಡಿ.

ಆದರೆ ಚಲನೆಯ ಶಕ್ತಿಯೆಲ್ಲ ಬ್ರೇಕಿನಲ್ಲಿ ಉಷ್ಣವಾಗಿ ಪರಿಣಮಿಸುವುದರಿಂದ, ಆಗುಂಬೆಯ ಘಾಟಿಯಂಥ ಇಳಿಜಾರಿನಲ್ಲಿ ತಿರುವು ತಿರುವಿಗೂ ಬ್ರೇಕು ಒತ್ತುತ್ತ ಬಂದಾಗ ಚಕ್ರದೊಡನೆ ತಿರುಗುವ ಡಿಸ್ಕು ವಿಪರೀತವಾಗಿ ಕಾದು, ಸುಟ್ಟ ವಾಸನೆ ಹೊಮ್ಮಿ, ಅದನ್ನು ಅದುಮುವ ಪ್ಯಾಡಿನ ಹಿಡಿತ ಕುಗ್ಗುತ್ತದೆ. ಹಳೆಯ ಬ್ರೇಕ್ ಆಯಿಲು ಕುದಿಯಿತೆಂದರೆ ಪೆಡಲೇ ಮೆತ್ತಗಾಗಿ ಆಳಕ್ಕಿಳಿಯುತ್ತದೆ. ದೊಡ್ಡ ಡಿಸ್ಕಿನ ಉಪಯೋಗ ಇಲ್ಲಿ: ಅದು ಹೆಚ್ಚು ಉಷ್ಣವನ್ನು ಧರಿಸಿ ಗಾಳಿಗೆ ಬೇಗ ಬಿಟ್ಟುಕೊಡುವುದು. ಪಂದ್ಯದ ಕಾರುಗಳಿಗೆ ಅದು ಬೇಕಾದದ್ದೂ ಇದೇ ಕಾರಣದಿಂದ. ಪ್ಯಾಡನ್ನು ಒತ್ತುವ, ಕೆಂಪು ಬಳಿದ ಕ್ಯಾಲಿಪರಿನ ಶೋಭೆ ಬೇರೆ ಮಾತು.

ದಿನಬಳಕೆಯ ವಾಹನವುಳ್ಳವರು ಆ ಹಣವನ್ನು ಮೊದಲು ಒಳ್ಳೆಯ ಟೈರುಗಳಿಗೂ ಹೊಸ ಬ್ರೇಕ್ ಆಯಿಲಿಗೂ ವ್ಯಯಿಸಿ, ಬ್ರೇಕಿನ ಹೊರೆ ತಗ್ಗುವಂತೆ ಘಾಟಿಯನ್ನು ಕೆಳಗಿನ ಗೇರಿನಲ್ಲಿಯೇ ಇಳಿಯತಕ್ಕದ್ದು.