ಒಂದೇ ಬೈಕು, ಇಬ್ಬರು ಸವಾರರು

ಒಂದೊಂದೇ ಎತ್ತಿರುವ ಇಬ್ಬರು ರೈತರು ಜೋಡಿ ಮಾಡಿಕೊಂಡು ಉಳುಮೆ ಮಾಡುವುದು ನಮ್ಮ ಕಡೆ ಹಳೆಯ ಪದ್ಧತಿ. ಯಾರ ಹೊಲ ಮೊದಲು, ಮೇವು ಯಾರದು ಎಂಬುದು ಮೊದಲೇ ಮಾತಾಗಿರುತ್ತದೆ. ಈಗಿನ ಹುಡುಗರ ಎತ್ತು, ಕುದುರೆ ಎಲ್ಲವೂ ಬೈಕೇ. ಅದನ್ನು ಹಂಚಿಕೊಳ್ಳುವಾಗ ಮಾತ್ರ ನಾವು ಏನನ್ನೂ ಮಾತಾಡುವುದಿಲ್ಲ!

ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿ.ಮೀ. ಉದ್ಯಮಬಾಗಕ್ಕೆ ಬೆಳಗಿನ ಪಾಳಿಗೆ ಹೋಗುವವನ ಬೈಕು ಸಂಜೆ ಅಂಗಳದಲ್ಲಿ ಸುಮ್ಮನೆ ನಿಂತಿರುತ್ತದೆ. ಅದೇ ಹೊತ್ತಿಗೆ ಕೋಚಿಂಗ್‌ಗೆ ಹೊರಟ ಗೆಳೆಯ ಬಸ್ಸಿಗೆ ಕಾಯುತ್ತಿರುತ್ತಾನೆ. ಹಂಚಿಕೊಂಡರೆ ಇಬ್ಬರಿಗೂ ಲಾಭ. ಪೆಟ್ರೋಲು ಓಡಿಸಿದವರದು, ಸರ್ವಿಸ್ ಮತ್ತು ಟೈರಿನ ಖರ್ಚು ಕಿಲೋಮೀಟರ್ ಲೆಕ್ಕದಲ್ಲಿ, ದಂಡ ಬಿದ್ದರೆ ಆಗ ಓಡಿಸುತ್ತಿದ್ದವರದು. ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಗೆಳೆತನವೂ ಉಳಿಯುತ್ತದೆ.

ಲೈಸೆನ್ಸ್ ಇಲ್ಲದವರಿಗೆ ಕೀಲಿ ಕೊಡಲೇಬೇಡಿ. ಕೊಟ್ಟ ಮಾಲೀಕನಿಗೆ ಮೋಟಾರು ವಾಹನ ಕಾಯ್ದೆಯಡಿ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂ. ದಂಡ, ಇಲ್ಲವೇ ಎರಡೂ ಆಗಬಹುದು.

ಹೆಚ್ಚಿನವರು ಗಮನಿಸದ ವಿಷಯ ವಿಮೆ. ಥರ್ಡ್ ಪಾರ್ಟಿ ವಿಮೆ ಇರುವುದು ಎದುರಿನವರಿಗಾದ ಹಾನಿಗೆ. ಪಾಲಿಸಿಯ ಜೊತೆ ಬರುವ 15 ಲಕ್ಷ ರೂ. ಅಪಘಾತ ವಿಮೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕನಿಗೆ ಮಾತ್ರ. ಬೈಕಿನಿಂದ ಬಿದ್ದವನು ಗೆಳೆಯನಾದರೆ ಆ ಹಣ ಅವನ ಮನೆಗೆ ಬರುವುದಿಲ್ಲ. ಅವನು ತನ್ನದೇ ಅಪಘಾತ ವಿಮೆ ಮಾಡಿಸಿಕೊಳ್ಳಬೇಕು. ಏನೂ ಇಲ್ಲದಿದ್ದರೆ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂ. ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಾದರೂ ಇರಲಿ. ಅದರಲ್ಲಿ ಅಪಘಾತದಿಂದ ಸಾವು ಸಂಭವಿಸಿದರೆ 2 ಲಕ್ಷ ರೂ. ಸಿಗುತ್ತದೆ.

ಕೊನೆಗೊಂದು ಮಾತು. ಬೇರೆ ಊರಲ್ಲಿ ನೌಕರಿ ಸಿಕ್ಕಿ ಪಾಲುದಾರಿಕೆ ಬಿಡಬೇಕಾದರೆ ತಿಂಗಳು ಮೊದಲೇ ಹೇಳಿ. ಇನ್ನೊಬ್ಬನೂ ತನ್ನ ದಾರಿ ನೋಡಿಕೊಳ್ಳಬೇಕಲ್ಲ?